ಇಳಿಕೊಳವೆ ಬೇರ್ಪಡಿಕೆ (ಟೊರೊಂಟೊ)

ಇಳಿಕೊಳವೆ ಬೇರ್ಪಡಿಕೆ ಎಂದರೆ ಮನೆಯ ಚಾವಣಿಯ ಮಳೆನೀರನ್ನು ಕೆಳಗಿಳಿಸುವ ಕೊಳವೆಯನ್ನು ನೆಲದಡಿಯ ಚರಂಡಿಯಿಂದ ಬಿಡಿಸಿ, ಆ ನೀರು ಅಂಗಳದ ಮಣ್ಣಿನ ಮೇಲೆ ಹರಿದು ಇಂಗುವಂತೆ ಮಾಡುವ ಕ್ರಮ. ಕೆನಡಾ ದೇಶದ ಒಂಟಾರಿಯೊ ಪ್ರಾಂತದ ರಾಜಧಾನಿಯಾದ ಟೊರೊಂಟೊ ನಗರದಲ್ಲಿ ಇದು 1998ರಿಂದ ಸ್ವಯಂಪ್ರೇರಿತ ಯೋಜನೆಯಾಗಿ ನಡೆಯುತ್ತಿತ್ತು. 2007ರ ನವೆಂಬರ್ ತಿಂಗಳಲ್ಲಿ ನಗರಸಭೆಯು ಇದನ್ನು ಕಡ್ಡಾಯಗೊಳಿಸಲು ನಿರ್ಧರಿಸಿತು. ನಿಯಮವು ಮೂರು ಹಂತಗಳಲ್ಲಿ ಜಾರಿಗೆ ಬಂದು, 2016ರ ಡಿಸೆಂಬರ್ 3ರಿಂದ ಇಡೀ ನಗರಕ್ಕೆ ಅನ್ವಯಿಸುತ್ತಿದೆ. ನೆಲಮಾಳಿಗೆಗಳಿಗೆ ಕೊಳಚೆನೀರು ನುಗ್ಗುವುದನ್ನು ಕಡಿಮೆ ಮಾಡುವುದು ಮತ್ತು ಮಳೆಗಾಲದ ಚರಂಡಿ ಉಕ್ಕಿ ಒಂಟಾರಿಯೊ ಸರೋವರವನ್ನು ಸೇರದಂತೆ ತಡೆಯುವುದು ಈ ನಿಯಮದ ಎರಡು ಮುಖ್ಯ ಉದ್ದೇಶಗಳು.

== ಪದಪರಿಚಯ ==

ಇಳಿಜಾರು ಚಾವಣಿಯ ಅಂಚಿನಲ್ಲಿ ಉದ್ದಕ್ಕೂ ಕಟ್ಟಿದ ದೋಣಿಯು ಸೂರಿನಿಂದ ಇಳಿಯುವ ನೀರನ್ನು ಹಿಡಿಯುತ್ತದೆ. ಮಲೆನಾಡಿನ ಹಂಚಿನ ಮನೆಗಳಲ್ಲಿ ಅಡಿಕೆಮರವನ್ನು ಸೀಳಿ ಮಾಡಿದ ದಂಬೆಗೆ ಇದೇ ಕೆಲಸ. ದೋಣಿಯ ಕೊನೆಯಿಂದ ಗೋಡೆಗೆ ಒರಗಿ ಲಂಬವಾಗಿ ಕೆಳಗಿಳಿಯುವ ಕೊಳವೆಯೇ ಇಳಿಕೊಳವೆ. ಇಂಗ್ಲಿಷಿನಲ್ಲಿ ಇದನ್ನು ಡೌನ್‌ಸ್ಪೌಟ್ ಎನ್ನುತ್ತಾರೆ. ಕರ್ನಾಟಕದ ತಾರಸಿ ಮನೆಗಳಲ್ಲಿ ತಾರಸಿಯಿಂದ ನೆಲದವರೆಗೆ ಇಳಿಬಿಟ್ಟ ಪಿವಿಸಿ ಪೈಪು ಇದಕ್ಕೆ ಸಮಾನವಾದದ್ದು.

ಟೊರೊಂಟೊದ ಹಳೆಯ ಮನೆಗಳಲ್ಲಿ ಈ ಕೊಳವೆಯ ಕೆಳತುದಿ ನೆಲದಿಂದ ಮೇಲೆದ್ದ ಇನ್ನೊಂದು ಮೋಟು ಕೊಳವೆಯೊಳಗೆ ಸೇರಿಕೊಂಡಿರುತ್ತದೆ. ಆ ಮೋಟು ಕೊಳವೆಯು ನೆಲದಡಿಯಲ್ಲಿ ಮನೆಯ ಚರಂಡಿಗೂ ಅಲ್ಲಿಂದ ಬೀದಿಯ ಚರಂಡಿಗೂ ಕೂಡಿಕೊಳ್ಳುತ್ತದೆ. ಈ ಎರಡು ಕೊಳವೆಗಳ ಸಂಬಂಧವನ್ನು ಕಡಿಯುವುದೇ ಬೇರ್ಪಡಿಕೆ.

== ಹಿನ್ನೆಲೆ ==

=== ಕೂಡುಚರಂಡಿ ವ್ಯವಸ್ಥೆ ===

ನಗರಗಳ ನೆಲದಡಿಯ ಚರಂಡಿಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಕೂಡುಚರಂಡಿ. ಇದರಲ್ಲಿ ಶೌಚಾಲಯ, ಬಚ್ಚಲು ಮತ್ತು ಅಡುಗೆಮನೆಗಳ ಕೊಳಚೆನೀರು ಹಾಗೂ ಬೀದಿ, ಚಾವಣಿಗಳ ಮಳೆನೀರು ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಎರಡನೆಯದು ಪ್ರತ್ಯೇಕ ಚರಂಡಿ. ಇದರಲ್ಲಿ ಕೊಳಚೆಗೊಂದು ಮಳೆನೀರಿಗೊಂದು ಎಂದು ಎರಡು ಕೊಳವೆಗಳಿರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿಯೂ ಬೆಳೆದ ಯೂರೋಪು ಮತ್ತು ಉತ್ತರ ಅಮೆರಿಕದ ನಗರಗಳಲ್ಲಿ ಕೂಡುಚರಂಡಿಯೇ ರೂಢಿಯಲ್ಲಿತ್ತು. ಒಂದೇ ಕಾಲುವೆ ತೋಡಿದರೆ ಎರಡು ಕೆಲಸವೂ ಆಗುತ್ತಿದ್ದುದರಿಂದ ಅದು ಅಗ್ಗವೆನಿಸಿತ್ತು. ಕೊಳವೆಗಳ ಕೊಳೆಯನ್ನು ಮಳೆಯೇ ತೊಳೆದುಬಿಡುತ್ತದೆ ಎಂಬ ನಂಬಿಕೆಯೂ ಆಗ ಇತ್ತು.

ಟೊರೊಂಟೊದ ಹಳೆಯ ಭಾಗಗಳಲ್ಲಿ ಇಂದಿಗೂ ಕೂಡುಚರಂಡಿಗಳಿವೆ. 1998ರಲ್ಲಿ ಟೊರೊಂಟೊ, ಯಾರ್ಕ್, ಈಸ್ಟ್ ಯಾರ್ಕ್, ನಾರ್ತ್ ಯಾರ್ಕ್, ಇಟೊಬಿಕೊ ಮತ್ತು ಸ್ಕಾರ್ಬರೊ ಎಂಬ ಆರು ಪುರಸಭೆಗಳು ವಿಲೀನಗೊಂಡು ಇಂದಿನ ನಗರ ರೂಪುಗೊಂಡಿತು. ಎರಡನೆಯ ಮಹಾಯುದ್ಧದ ಅನಂತರ ಬೆಳೆದ ಹೊರವಲಯಗಳಲ್ಲಿ ಪ್ರತ್ಯೇಕ ಚರಂಡಿಗಳಿದ್ದರೂ, ಅಲ್ಲಿ ಕೂಡ ಅನೇಕ ಮನೆಗಳ ಇಳಿಕೊಳವೆಗಳನ್ನು ನೆಲದಡಿಯ ಕೊಳವೆಗಳಿಗೆ ಜೋಡಿಸಲಾಗಿತ್ತು.

=== ಚರಂಡಿ ಉಕ್ಕುವ ಬಗೆ ===

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ 100 ಚದರ ಮೀಟರಿನ ಚಾವಣಿಯ ಮೇಲೆ 25 ಮಿಲಿಮೀಟರ್ ಮಳೆಯಾದರೆ 2,500 ಲೀಟರ್ ನೀರು ಇಳಿಯುತ್ತದೆ. ಒಂದು ಕುಟುಂಬ ಹಲವು ದಿನಗಳಲ್ಲಿ ಬಳಸುವ ನೀರಿಗೆ ಸಮನಾದ ಈ ಮೊತ್ತವು ಬಿರುಮಳೆಯಲ್ಲಿ ಒಂದು ತಾಸಿನೊಳಗೆ ಚರಂಡಿಯನ್ನು ಸೇರಬಹುದು. ಒಂದು ಬೀದಿಯಲ್ಲಿ ಐವತ್ತು ಮನೆಗಳಿದ್ದರೆ ಸುಮಾರು 1,25,000 ಲೀಟರ್ ನೀರು ಒಂದೇ ಹೊತ್ತಿಗೆ ಒಂದೇ ಕೊಳವೆಯನ್ನು ಹೊಕ್ಕಂತಾಗುತ್ತದೆ.

ಕೊಳವೆಯ ಧಾರಣಶಕ್ತಿ ಮೀರಿದಾಗ ನೀರು ಹೋಗಬಹುದಾದ ದಾರಿಗಳು ಎರಡೇ. ಒಂದು, ಶುದ್ಧೀಕರಣ ಘಟಕವನ್ನು ತಲುಪುವ ಮೊದಲೇ ಉಕ್ಕುಬಾಯಿಗಳ ಮೂಲಕ ಹೊಳೆಗೋ ಸರೋವರಕ್ಕೋ ಹರಿಯುವುದು. ಕೂಡುಚರಂಡಿಗಳನ್ನು ಕಟ್ಟುವಾಗಲೇ ಇಂತಹ ಬಾಯಿಗಳನ್ನು ಇಟ್ಟಿರುತ್ತಾರೆ. ಇನ್ನೊಂದು, ಬಂದ ದಾರಿಯಲ್ಲೇ ಹಿಮ್ಮುಖವಾಗಿ ಏರಿ, ಚರಂಡಿಗೆ ಹೊಂದಿಕೊಂಡ ಅತ್ಯಂತ ತಗ್ಗಿನ ಜಾಗದಲ್ಲಿ ಹೊರಬರುವುದು. ಟೊರೊಂಟೊದ ಮನೆಗಳಲ್ಲಿ ಆ ತಗ್ಗಿನ ಜಾಗ ನೆಲಮಾಳಿಗೆಯ ನೀರುಗಂಡಿ.

ಚಳಿಪ್ರದೇಶವಾದ ಕೆನಡಾದಲ್ಲಿ ನೆಲಮಾಳಿಗೆಯು ಕೇವಲ ಉಗ್ರಾಣವಲ್ಲ. ಮನೆಯನ್ನು ಬೆಚ್ಚಗಿಡುವ ಕುಲುಮೆ, ನೀರು ಕಾಯಿಸುವ ಯಂತ್ರ ಮತ್ತು ವಿದ್ಯುತ್ ಫಲಕ ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಅನೇಕ ಮನೆಗಳಲ್ಲಿ ನೆಲಮಾಳಿಗೆಯನ್ನು ವಾಸಕ್ಕೆ ಬಾಡಿಗೆಗೆ ಕೊಟ್ಟಿರುತ್ತಾರೆ. ಕಡಿಮೆ ಬಾಡಿಗೆಯ ವಸತಿ ಬೇಕಾದ ವಿದ್ಯಾರ್ಥಿಗಳು ಮತ್ತು ಹೊಸದಾಗಿ ವಲಸೆ ಬಂದವರು ಹೆಚ್ಚಾಗಿ ಇಂತಹ ಕೋಣೆಗಳಲ್ಲಿ ನೆಲೆಸುತ್ತಾರೆ. ಆದುದರಿಂದ ಚರಂಡಿ ಹಿಮ್ಮುಖವಾದಾಗ ಕೊಳಚೆಯು ಜನರು ಮಲಗುವ ಕೋಣೆಗೇ ನುಗ್ಗುತ್ತದೆ. ಹಾಸಿಗೆ, ಬಟ್ಟೆ, ಪುಸ್ತಕ, ಗೋಡೆಯ ಹಲಗೆಗಳನ್ನೆಲ್ಲ ಎಸೆಯಬೇಕಾಗುತ್ತದೆ. ತೇವ ಆರದಿದ್ದರೆ ಬೂಷ್ಟು ಬೆಳೆದು ಉಸಿರಾಟದ ತೊಂದರೆಗೆ ಕಾರಣವಾಗುತ್ತದೆ.

=== ಸರೋವರದ ಸ್ಥಿತಿ ===

ಟೊರೊಂಟೊ ನಗರವು ಕುಡಿಯುವ ನೀರನ್ನು ಒಂಟಾರಿಯೊ ಸರೋವರದಿಂದ ಪಡೆಯುತ್ತದೆ. ಚರಂಡಿಗಳು ಉಕ್ಕಿದಾಗ ಕೊಳಚೆ ಸೇರುವುದೂ ಇದೇ ಸರೋವರವನ್ನು, ನೇರವಾಗಿ ಅಥವಾ ಡಾನ್ ಮತ್ತು ಹಂಬರ್ ಹೊಳೆಗಳ ಮೂಲಕ. ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳ ನಡುವಿನ ಮಹಾಸರೋವರಗಳ ಒಪ್ಪಂದದಡಿ 1980ರ ದಶಕದಲ್ಲಿ ಕಾಳಜಿಯ ಪ್ರದೇಶಗಳೆಂದು ಗುರುತಿಸಿದ 43 ಸ್ಥಳಗಳಲ್ಲಿ ಟೊರೊಂಟೊ ತೀರವೂ ಒಂದು. ಮಳೆಯಾದ ಮರುದಿನಗಳಲ್ಲಿ ಸರೋವರದ ಈಜುತೀರಗಳಿಗೆ ಇಳಿಯದಂತೆ ಎಚ್ಚರಿಕೆ ಕೊಡುವುದು ಅಲ್ಲಿ ಬಹುಕಾಲದ ರೂಢಿ.

== ನಿಯಮ ರೂಪುಗೊಂಡ ಬಗೆ ==

1998ರ ಸ್ವಯಂಪ್ರೇರಿತ ಯೋಜನೆಯಲ್ಲಿ ಮನೆಯೊಡೆಯರು ಒಪ್ಪಿದರೆ ನಗರಸಭೆಯೇ ಉಚಿತವಾಗಿ ಇಳಿಕೊಳವೆಯನ್ನು ಬೇರ್ಪಡಿಸಿ ಕೊಡುತ್ತಿತ್ತು. 2003ರಲ್ಲಿ ನಗರಸಭೆಯು ಮಳೆಗಾಲದ ಹರಿವಿನ ನಿರ್ವಹಣೆಗಾಗಿ 25 ವರ್ಷಗಳ ಮಹಾಯೋಜನೆಯೊಂದನ್ನು ಅಂಗೀಕರಿಸಿತು. ಮಳೆನೀರನ್ನು ಮೊದಲು ಅದು ಬಿದ್ದ ಸ್ಥಳದಲ್ಲಿ, ಬಳಿಕ ಹರಿಯುವ ದಾರಿಯಲ್ಲಿ, ಕೊನೆಗೆ ಮಾತ್ರ ಕೊಳವೆಯ ತುದಿಯಲ್ಲಿ ನಿಭಾಯಿಸಬೇಕು ಎಂಬುದು ಆ ಯೋಜನೆಯ ಮೂಲಸೂತ್ರ. ಇಳಿಕೊಳವೆ ಬೇರ್ಪಡಿಕೆಯು ಈ ಮೂರರಲ್ಲಿ ಮೊದಲನೆಯ ವರ್ಗಕ್ಕೆ ಸೇರುತ್ತದೆ.

2005ರ ಆಗಸ್ಟ್ 19ರ ಬಿರುಮಳೆಯು ಈ ಚರ್ಚೆಗೆ ಹೊಸ ತುರ್ತನ್ನು ತಂದಿತು. ಅಂದು ನಗರದ ಉತ್ತರ ಭಾಗದಲ್ಲಿ ಕೆಲವೇ ತಾಸುಗಳಲ್ಲಿ 150 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಬ್ಲ್ಯಾಕ್ ಕ್ರೀಕ್ ಹೊಳೆಯ ನೆರೆಯಿಂದ ಫಿಂಚ್ ಅವೆನ್ಯೂ ರಸ್ತೆಯ ಮೋರಿ ಕುಸಿದು ರಸ್ತೆಯೇ ಕೊಚ್ಚಿಹೋಯಿತು. ನೆಲಮಾಳಿಗೆಗೆ ನೀರು ನುಗ್ಗಿದ ಬಗ್ಗೆ ನಗರಸಭೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಮರುವರ್ಷ ನೆಲಮಾಳಿಗೆಗಳ ರಕ್ಷಣೆಗಾಗಿ ಪ್ರತ್ಯೇಕ ಕಾರ್ಯಕ್ರಮವೊಂದು ಆರಂಭವಾಯಿತು.

ಕೊಳವೆಗಳನ್ನು ದೊಡ್ಡದಾಗಿಸುವ ಕಾಮಗಾರಿಗೆ ಬಹಳ ಹಣ ಮತ್ತು ಬಹಳ ವರ್ಷಗಳು ಬೇಕು. ಇಳಿಕೊಳವೆಯನ್ನು ಬೇರ್ಪಡಿಸಲು ಗರಗಸ ಮತ್ತು ಅರ್ಧ ದಿನದ ದುಡಿಮೆ ಸಾಕು. ಒಂದು ಬೀದಿಯಲ್ಲಿ ಕೆಲವರಷ್ಟೇ ಇದನ್ನು ಮಾಡಿದರೆ ಚರಂಡಿಯ ಹೊರೆ ಅಷ್ಟಾಗಿ ಇಳಿಯುವುದಿಲ್ಲ. ಒಬ್ಬರ ಚಾವಣಿಯ ನೀರು ಇನ್ನೊಬ್ಬರ ನೆಲಮಾಳಿಗೆಯಲ್ಲಿ ಏಳಬಹುದು. ಸ್ವಯಂಪ್ರೇರಣೆಯಿಂದ ಕಡ್ಡಾಯದ ಕಡೆಗೆ ಹೊರಳುವುದಕ್ಕೆ ಇದೇ ಮುಖ್ಯ ಸಮರ್ಥನೆ.

== ನಿಯಮದ ಸ್ವರೂಪ ==

ಈ ನಿಯಮವು ನಗರದ ಪೌರಸಂಹಿತೆಯಲ್ಲಿ ಚರಂಡಿಗಳಿಗೆ ಸಂಬಂಧಿಸಿದ 681ನೆಯ ಅಧ್ಯಾಯದ ಭಾಗವಾಗಿದೆ. ಚಾವಣಿಯ ನೀರನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ನಗರದ ಚರಂಡಿಗೆ ಜೋಡಿಸಿರಬಾರದು ಎಂಬುದು ಇದರ ಸಾರ. ಬೇರ್ಪಡಿಸುವ ಹೊಣೆ ಮತ್ತು ವೆಚ್ಚ ಎರಡೂ ಆಸ್ತಿಯ ಒಡೆಯರವು.

=== ಹಂತಗಳು ===

* ಮೊದಲ ಹಂತ: ಕೂಡುಚರಂಡಿಗಳಿರುವ ಹಳೆಯ ಪ್ರದೇಶಗಳು. 2011ರ ನವೆಂಬರ್ 20ರಿಂದ ಜಾರಿ.
* ಎರಡನೆಯ ಹಂತ: ನೆಲಮಾಳಿಗೆಗಳಿಗೆ ಮತ್ತೆ ಮತ್ತೆ ನೀರು ನುಗ್ಗುವ ಪ್ರದೇಶಗಳು. 2013ರ ಡಿಸೆಂಬರ್ 3ರಿಂದ ಜಾರಿ.
* ಮೂರನೆಯ ಹಂತ: ನಗರದ ಉಳಿದ ಎಲ್ಲ ಪ್ರದೇಶಗಳು. 2016ರ ಡಿಸೆಂಬರ್ 3ರಿಂದ ಜಾರಿ.

ಎರಡನೆಯ ಹಂತ ಜಾರಿಗೆ ಬರುವ ಕೆಲವೇ ತಿಂಗಳುಗಳ ಹಿಂದೆ, 2013ರ ಜುಲೈ 8ರಂದು, ನಗರವು ಮತ್ತೊಂದು ಬಿರುಮಳೆಯನ್ನು ಕಂಡಿತು. ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ 126 ಮಿಲಿಮೀಟರ್ ಮಳೆ ದಾಖಲಾಯಿತು. ಡಾನ್ ಹೊಳೆಯ ನೆರೆಯಲ್ಲಿ ಸಿಲುಕಿದ ರೈಲೊಂದರಿಂದ ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರುಮಾಡಬೇಕಾಯಿತು. ವಿಮೆ ಇದ್ದ ಆಸ್ತಿಗಳ ನಷ್ಟವೇ ಸುಮಾರು ನೂರು ಕೋಟಿ ಕೆನಡಾ ಡಾಲರುಗಳನ್ನು ಮುಟ್ಟಿತು.

=== ವಿನಾಯಿತಿ ===

ಬೇರ್ಪಡಿಕೆ ತಾಂತ್ರಿಕವಾಗಿ ಸಾಧ್ಯವಿಲ್ಲದಿದ್ದರೆ, ಅಥವಾ ಅದರಿಂದ ಅಪಾಯದ ಪರಿಸ್ಥಿತಿ ಉಂಟಾಗುವಂತಿದ್ದರೆ, ಒಡೆಯರು ನಗರಸಭೆಗೆ ಅರ್ಜಿ ಸಲ್ಲಿಸಿ ವಿನಾಯಿತಿ ಕೋರಬಹುದು. ಮನೆಯ ಸುತ್ತ ಮಣ್ಣಿನ ಜಾಗವೇ ಇಲ್ಲದಿರುವುದು, ಇಳಿಕೊಳವೆಯು ಜನರು ನಡೆದಾಡುವ ಕಿರಿದಾದ ಹಾದಿಗೆ ಮಾತ್ರ ತೆರೆಯುವಂತಿರುವುದು ಇಂತಹ ಸಂದರ್ಭಗಳು. ಚಳಿಗಾಲದಲ್ಲಿ ಹಾದಿಯ ಮೇಲೆ ನೀರು ಹರಿದರೆ ಅದು ಮಂಜುಗಡ್ಡೆಯಾಗಿ ವೃದ್ಧರು ಮತ್ತು ಮಕ್ಕಳು ಜಾರಿ ಬೀಳುವ ಸಂಭವ ಹೆಚ್ಚು. ಒಂದು ಮನೆಯಲ್ಲಿ ನಾಲ್ಕು ಇಳಿಕೊಳವೆಗಳಿದ್ದು ಅವುಗಳಲ್ಲಿ ಒಂದನ್ನು ಬೇರ್ಪಡಿಸಲಾಗದಿದ್ದರೆ, ಉಳಿದ ಮೂರಕ್ಕೂ ವಿನಾಯಿತಿ ದೊರೆಯುತ್ತದೆಂದು ಅರ್ಥವಲ್ಲ.

=== ನೆರವು ===

ಕಡಿಮೆ ವರಮಾನದ ಹಿರಿಯ ನಾಗರಿಕರಿಗೂ ಕಡಿಮೆ ವರಮಾನದ ಅಂಗವಿಕಲರಿಗೂ ಕೂಲಿ ಮತ್ತು ಸಾಮಗ್ರಿಯ ವೆಚ್ಚದಲ್ಲಿ 500 ಡಾಲರುಗಳವರೆಗೆ ಮರುಪಾವತಿ ಮಾಡುವ ಏರ್ಪಾಡನ್ನು ನಗರಸಭೆ ಮಾಡಿತು. ಇತರರಿಗೆ ಬೇರ್ಪಡಿಕೆಗೆಂದೇ ಸಹಾಯಧನವಿಲ್ಲ. ಆದರೆ ನೆಲಮಾಳಿಗೆ ರಕ್ಷಣೆಯ ಉಪಕರಣಗಳಿಗೆ ನಗರಸಭೆ ಕೊಡುವ ಸಹಾಯಧನವನ್ನು ಪಡೆಯಬೇಕಾದರೆ ಇಳಿಕೊಳವೆಗಳು ಬೇರ್ಪಟ್ಟಿರಬೇಕು, ಇಲ್ಲವೇ ವಿನಾಯಿತಿ ಪಡೆದಿರಬೇಕು. ಈ ಸಹಾಯಧನದ ಮಿತಿ ಬಹಳ ವರ್ಷಗಳ ಕಾಲ ಮನೆಯೊಂದಕ್ಕೆ 3,400 ಡಾಲರ್ ಆಗಿತ್ತು.

=== ನೆರೆಮನೆಯ ಹಕ್ಕು ===

ಚರಂಡಿಯಿಂದ ಬಿಡಿಸಿದ ನೀರನ್ನು ಪಕ್ಕದ ಮನೆಯ ಅಂಗಳಕ್ಕೆ ಹರಿಯಬಿಡುವಂತಿಲ್ಲ. ಆಸ್ತಿಗಳ ಸುಸ್ಥಿತಿಯನ್ನು ಕುರಿತ 629ನೆಯ ಅಧ್ಯಾಯವು ಈ ವಿಷಯವನ್ನು ನಿಯಂತ್ರಿಸುತ್ತದೆ. ಕಾಲುದಾರಿ, ಮೆಟ್ಟಿಲುಗಳ ಮೇಲೂ ನೀರು ಬೀಳಬಾರದು. ಮನೆಗಳು ಒತ್ತೊತ್ತಾಗಿ ನಿಂತ ಬೀದಿಗಳಲ್ಲಿ ಎರಡು ನಿಯಮಗಳನ್ನೂ ಒಟ್ಟಿಗೆ ಪಾಲಿಸುವುದು ಸುಲಭವಲ್ಲ. ನೆರೆಹೊರೆಯವರ ನಡುವಿನ ಅನೇಕ ತಕರಾರುಗಳಿಗೆ ಇದೇ ಮೂಲ.

== ಬೇರ್ಪಡಿಸುವ ವಿಧಾನ ==

ಕೆಲಸವನ್ನು ಒಡೆಯರೇ ಮಾಡಬಹುದು ಅಥವಾ ಕೆಲಸಗಾರರಿಂದ ಮಾಡಿಸಬಹುದು. ಸಾಮಾನ್ಯ ಕ್ರಮ ಹೀಗಿದೆ:

# ಇಳಿಕೊಳವೆಯನ್ನು ನೆಲದಿಂದ ಸುಮಾರು 9 ಅಂಗುಲ, ಅಂದರೆ 23 ಸೆಂಟಿಮೀಟರ್ ಎತ್ತರದಲ್ಲಿ ಲೋಹದ ಗರಗಸದಿಂದ ಕತ್ತರಿಸುವುದು.
# ನೆಲದಿಂದ ಮೇಲೆದ್ದ ಮೋಟು ಕೊಳವೆಯ ಬಾಯಿಗೆ ಮುಚ್ಚಳ ಹಾಕಿ ಬಿಗಿಗೊಳಿಸುವುದು. ಬಾಯಿ ತೆರೆದಿದ್ದರೆ ಮಣ್ಣು, ಕಸ, ಇಲಿಗಳು ಒಳಸೇರುತ್ತವೆ. ಚರಂಡಿಯ ದುರ್ವಾಸನೆ ಹೊರಬರುತ್ತದೆ.
# ಕತ್ತರಿಸಿದ ತುದಿಗೆ ಬಾಗುಕೊಳವೆ ಜೋಡಿಸಿ ತಿರುಪು ಹಾಕುವುದು.
# ಬಾಗುಕೊಳವೆಗೆ ಉದ್ದನೆಯ ಕೊಳವೆಯನ್ನು ಸೇರಿಸಿ ನೀರನ್ನು ಅಡಿಪಾಯದಿಂದ ದೂರ ಒಯ್ಯುವುದು. ಸಾಮಾನ್ಯವಾಗಿ ಹೇಳುವ ಅಂತರ ಸುಮಾರು 2 ಮೀಟರ್.
# ನೀರು ಬೀಳುವಲ್ಲಿ ಕಲ್ಲುಚಪ್ಪಡಿ ಅಥವಾ ಜಲ್ಲಿ ಹಾಕಿ ಮಣ್ಣು ಕೊಚ್ಚಿಹೋಗದಂತೆ ನೋಡಿಕೊಳ್ಳುವುದು.

ಒಂದು ಇಳಿಕೊಳವೆಯು ಹೊರುವ ಭಾರ ಹೆಚ್ಚಾಗಿದ್ದರೆ, ದೋಣಿಯ ಇಳಿಜಾರನ್ನು ಬದಲಿಸಿ ನೀರನ್ನು ಮನೆಯ ಇನ್ನೊಂದು ಮೂಲೆಗೆ ತಿರುಗಿಸುವುದುಂಟು. ನೆಲದ ಇಳಿಜಾರು ಮನೆಯಿಂದ ಹೊರಕ್ಕೆ ಇರಬೇಕಾದುದು ಬಹಳ ಮುಖ್ಯ. ಇಳಿಜಾರು ಮನೆಯ ಕಡೆಗಿದ್ದರೆ ಬೇರ್ಪಡಿಸಿದ ನೀರು ಅಡಿಪಾಯದ ಸುತ್ತಿನ ಬಸಿಗೊಳವೆಗೆ ಇಳಿದು, ಅಲ್ಲಿಂದ ಮತ್ತೆ ಚರಂಡಿಯನ್ನೇ ಸೇರುತ್ತದೆ. ಆಗ ಬೇರ್ಪಡಿಸಿಯೂ ಪ್ರಯೋಜನವಿಲ್ಲದಂತಾಗುತ್ತದೆ.

ನೀರನ್ನು ಪೀಪಾಯಿಯಲ್ಲಿ ಹಿಡಿದು ತೋಟಕ್ಕೆ ಬಳಸುವವರೂ ಇದ್ದಾರೆ. ಸಾಮಾನ್ಯ ಪೀಪಾಯಿಯಲ್ಲಿ ಸುಮಾರು 200 ಲೀಟರ್ ಹಿಡಿಯುವುದರಿಂದ ದೊಡ್ಡ ಮಳೆಗೆ ಅದು ಕೆಲವೇ ನಿಮಿಷಗಳಲ್ಲಿ ತುಂಬುತ್ತದೆ. ಆದ್ದರಿಂದ ತುಂಬಿದ ಮೇಲಿನ ನೀರಿಗೂ ದಾರಿ ಇಟ್ಟಿರಬೇಕು. ಹೆಪ್ಪುಗಟ್ಟಿ ಒಡೆಯದಂತೆ ಚಳಿಗಾಲಕ್ಕೆ ಮೊದಲು ಪೀಪಾಯಿಯನ್ನು ಖಾಲಿ ಮಾಡಬೇಕು. ತಗ್ಗಾದ ಪಾತಿಯಲ್ಲಿ ನೀರನ್ನು ತಾಳುವ ಗಿಡಗಳನ್ನು ನೆಟ್ಟು ಮಳೆತೋಟ ಮಾಡುವುದು ಇನ್ನೊಂದು ಉಪಾಯ.

== ಹಿಮ್ಮುಖ ತಡೆಕವಾಟ ಮತ್ತು ಇಳಿಕೊಳವೆ ==

ಬೀದಿಯ ಚರಂಡಿಯ ನೀರು ಮನೆಯೊಳಕ್ಕೆ ಬಾರದಂತೆ ಮನೆಯ ಚರಂಡಿಕೊಳವೆಯಲ್ಲಿ ಕೂಡಿಸುವ ಕವಾಟವೇ ಹಿಮ್ಮುಖ ತಡೆಕವಾಟ. ಬೀದಿಯ ಕಡೆಯಿಂದ ನೀರು ಒತ್ತಿದಾಗ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಕವಾಟ ಹಾಕಿಸಿದ ಮೇಲೆ ಚಿಂತೆಯಿಲ್ಲ ಎಂದು ಅನೇಕರು ಭಾವಿಸುತ್ತಾರೆ. ಆದರೆ ಇಳಿಕೊಳವೆಯು ಇನ್ನೂ ಚರಂಡಿಗೆ ಜೋಡಿಸಿದ್ದರೆ ಕವಾಟವೇ ಕಂಟಕವಾಗಬಲ್ಲದು. ಕವಾಟ ಮುಚ್ಚಿಕೊಂಡಾಗ ಹೊರಗಿನ ನೀರು ಒಳಬಾರದು ನಿಜ. ಅಂತೆಯೇ ಒಳಗಿನ ನೀರೂ ಹೊರಹೋಗಲಾರದು. ಅದೇ ಹೊತ್ತಿಗೆ ಚಾವಣಿಯಿಂದ ಧೋ ಎಂದು ಇಳಿಯುವ ನೀರು ಮುಚ್ಚಿದ ಕೊಳವೆಯಲ್ಲಿ ತುಂಬಿ, ನೆಲಮಾಳಿಗೆಯ ನೀರುಗಂಡಿಯಿಂದ ಮೇಲೇಳುತ್ತದೆ. ಹೀಗೆ ಮನೆಯನ್ನು ಮುಳುಗಿಸುವುದು ಅದೇ ಮನೆಯ ಚಾವಣಿಯ ನೀರು. ಸಹಾಯಧನಕ್ಕೆ ಬೇರ್ಪಡಿಕೆಯನ್ನು ಪೂರ್ವಷರತ್ತಾಗಿ ಇಟ್ಟಿರುವುದರ ಹಿಂದಿನ ತರ್ಕ ಇದರಿಂದ ತಿಳಿಯುತ್ತದೆ.

== ಮಿತಿಗಳು ಮತ್ತು ಟೀಕೆಗಳು ==

* ಗೋಚರತೆ: ಇಳಿಕೊಳವೆಯು ನೆಲದೊಳಕ್ಕೆ ಹೋಗುವುದು ಬೀದಿಯಿಂದ ಕಂಡರೂ, ಅಲ್ಲಿಂದ ಮುಂದೆ ಎಲ್ಲಿಗೆ ಸೇರುತ್ತದೆಂಬುದು ಕಾಣುವುದಿಲ್ಲ. ಹಿತ್ತಲಿನ ಕೊಳವೆಗಳಂತೂ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಲಕ್ಷಾಂತರ ಮನೆಗಳಿರುವ ನಗರದಲ್ಲಿ ಮನೆಮನೆಯನ್ನೂ ಪರಿಶೀಲಿಸುವುದು ಕಷ್ಟ.
* ಮಣ್ಣು: ಜೇಡಿಮಣ್ಣಿನಲ್ಲಿ ನೀರು ನಿಧಾನವಾಗಿ ಇಂಗುತ್ತದೆ. ಚಳಿಗಾಲದ ಕೊನೆಯಲ್ಲಿ ನೆಲ ಹೆಪ್ಪುಗಟ್ಟಿರುವಾಗ ಹಿಮ ಕರಗಿ ಮಳೆಯೂ ಬಂದರೆ ನೀರು ಇಂಗುವುದೇ ಇಲ್ಲ.
* ಜಾಗ: ಹಳೆಯ ಟೊರೊಂಟೊದಲ್ಲಿ ಗೋಡೆಗೆ ಗೋಡೆ ಸೇರಿದ ಮನೆಗಳು ಬಹಳ. ಎರಡು ಮನೆಗಳಿಗೆ ಒಂದೇ ಇಳಿಕೊಳವೆ ಇರುವುದೂ ಉಂಟು. ಆಗ ಇಬ್ಬರೂ ಒಪ್ಪದೆ ಏನೂ ಮಾಡಲಾಗದು.
* ವೆಚ್ಚದ ಹಂಚಿಕೆ: ಉಚಿತ ಸೇವೆ ನಿಂತು ಹೊಣೆ ಒಡೆಯರ ಮೇಲೆ ಬಿದ್ದದ್ದು ಆಕ್ಷೇಪಕ್ಕೆ ಒಳಗಾಯಿತು. ಬಾಡಿಗೆದಾರರ ಪಾಡು ಇನ್ನೂ ಬೇರೆ. ನೆಲಮಾಳಿಗೆಯಲ್ಲಿ ವಾಸಿಸುವವರು ಅವರು, ಇಳಿಕೊಳವೆಯ ಮೇಲೆ ಅಧಿಕಾರವಿರುವುದು ಮನೆಯೊಡೆಯರಿಗೆ.
* ಸಾಲದ ಪರಿಹಾರ: ಬೇರ್ಪಡಿಕೆಯೊಂದರಿಂದಲೇ ಚರಂಡಿ ಉಕ್ಕುವುದು ನಿಲ್ಲುವುದಿಲ್ಲ. ಬೀದಿ ಮತ್ತು ವಾಹನ ನಿಲುಗಡೆಯ ಜಾಗಗಳ ನೀರು ಚರಂಡಿಗೆ ಹೋಗುತ್ತಲೇ ಇರುತ್ತದೆ. ಈ ಕಾರಣದಿಂದ ನಗರವು 2018ರಲ್ಲಿ ಡಾನ್ ಹೊಳೆ ಮತ್ತು ಸರೋವರತೀರದ ಬೃಹತ್ ಸುರಂಗ ಯೋಜನೆಯ ಕಾಮಗಾರಿ ಆರಂಭಿಸಿತು. ಇದರ ಮೊದಲ ಭಾಗವಾದ ಕಾಕ್ಸ್‌ವೆಲ್ ಸುರಂಗದ ಉದ್ದ 10 ಕಿಲೋಮೀಟರಿಗೂ ಹೆಚ್ಚು.

2024ರ ಜುಲೈ 16ರಂದು ಸುಮಾರು 98 ಮಿಲಿಮೀಟರ್ ಮಳೆ ಬಿದ್ದು ಡಾನ್ ವ್ಯಾಲಿ ಪಾರ್ಕ್‌ವೇ ಹೆದ್ದಾರಿ ಮತ್ತೆ ಮುಳುಗಿತು. ನಿಯಮ ಪೂರ್ಣವಾಗಿ ಜಾರಿಯಲ್ಲಿದ್ದರೂ ನೆರೆ ತಪ್ಪಲಿಲ್ಲವೆಂಬುದು ಒಂದು ವಾದ. ಹೊಳೆಯ ನೆರೆ ಬೇರೆ, ಚರಂಡಿಯ ಹಿಮ್ಮುಖ ಹರಿವು ಬೇರೆ. ಇಳಿಕೊಳವೆ ನಿಯಮದ ಗುರಿ ಎರಡನೆಯದು ಎಂಬುದು ಅದಕ್ಕೆ ಉತ್ತರ.

ನೀರು ಇಂಗದ ನೆಲದ ವಿಸ್ತೀರ್ಣಕ್ಕೆ ತಕ್ಕಂತೆ ಮಳೆನೀರಿನ ಶುಲ್ಕ ವಿಧಿಸುವ ಪ್ರಸ್ತಾಪವೂ ಟೊರೊಂಟೊದಲ್ಲಿ ಬಂದಿತ್ತು. 2017ರಲ್ಲಿ ಅದನ್ನು ಕೈಬಿಡಲಾಯಿತು. 2024ರಲ್ಲಿ ಮತ್ತೆ ಚರ್ಚೆಗೆ ಬಂದಾಗ ವಿರೋಧಿಗಳು ಅದನ್ನು ಮಳೆ ತೆರಿಗೆ ಎಂದು ಕರೆದರು. ಸಾರ್ವಜನಿಕ ಸಮಾಲೋಚನೆ ಅರ್ಧಕ್ಕೆ ನಿಂತಿತು. ನೆರೆಯ ಮಿಸಿಸಾಗಾ ನಗರದಲ್ಲಿ ಅಂತಹ ಶುಲ್ಕ 2016ರಿಂದಲೇ ಜಾರಿಯಲ್ಲಿದೆ.

== ಇತರ ನಗರಗಳು ಮತ್ತು ದೇಶಗಳು ==

=== ಪೋರ್ಟ್‌ಲೆಂಡ್ ===

ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರವು 1990ರ ದಶಕದಲ್ಲಿ ಆರಂಭಿಸಿ 2011ರವರೆಗೆ ನಡೆಸಿದ ಯೋಜನೆ ಈ ಕ್ಷೇತ್ರದಲ್ಲಿ ಹೆಸರಾದದ್ದು. ಅಲ್ಲಿ ದಂಡಕ್ಕಿಂತ ಪ್ರೋತ್ಸಾಹಕ್ಕೆ ಒತ್ತು. ತಾವೇ ಬೇರ್ಪಡಿಸಿಕೊಂಡವರಿಗೆ ಪ್ರತಿ ಇಳಿಕೊಳವೆಗೆ 53 ಡಾಲರ್ ಕೊಡಲಾಗುತ್ತಿತ್ತು. ಬಡಾವಣೆಯ ಸಂಘಗಳೂ ಕೆಲಸದಲ್ಲಿ ಪಾಲ್ಗೊಂಡು, ತಾವು ಬೇರ್ಪಡಿಸಿದ ಕೊಳವೆಗಳ ಲೆಕ್ಕದಲ್ಲಿ ಹಣ ಗಳಿಸಿದವು. ಒಟ್ಟು 56,000ಕ್ಕೂ ಹೆಚ್ಚು ಇಳಿಕೊಳವೆಗಳು ಬೇರ್ಪಟ್ಟು, ವರ್ಷಕ್ಕೆ ಸುಮಾರು 130 ಕೋಟಿ ಗ್ಯಾಲನ್ ಮಳೆನೀರು ಕೂಡುಚರಂಡಿಯಿಂದ ಹೊರಗುಳಿಯಿತು. ನೆಲಮಾಳಿಗೆಯಿರುವ ಮನೆಯಿಂದ 6 ಅಡಿ, ನೆರೆಮನೆಯ ಗಡಿಯಿಂದ 5 ಅಡಿ, ಸಾರ್ವಜನಿಕ ಕಾಲುದಾರಿಯಿಂದ 3 ಅಡಿ ದೂರದಲ್ಲಿ ನೀರು ಬೀಳಬೇಕೆಂಬುದು ಅಲ್ಲಿನ ಅಳತೆ. ಚಾವಣಿಯ ವಿಸ್ತೀರ್ಣದ ಹತ್ತನೆಯ ಒಂದು ಭಾಗದಷ್ಟಾದರೂ ಮಣ್ಣಿನ ಜಾಗ ಇರಬೇಕು. ಭೂಕುಸಿತದ ಭಯವಿರುವ ಪಶ್ಚಿಮದ ಗುಡ್ಡಗಳಲ್ಲಿ ಬೇರ್ಪಡಿಕೆಯನ್ನು ಉತ್ತೇಜಿಸಲಿಲ್ಲ.

=== ಯೂರೋಪು ===

ಇಂಗ್ಲೆಂಡಿನ ಕಟ್ಟಡ ನಿಯಮಗಳ ಪ್ರಕಾರ ಚಾವಣಿಯ ನೀರಿಗೆ ಮೊದಲು ಇಂಗುಗುಂಡಿ, ಅದು ಸಾಧ್ಯವಾಗದಿದ್ದರೆ ಹಳ್ಳ ಅಥವಾ ಹೊಳೆ, ಕೊನೆಯ ಆಯ್ಕೆಯಾಗಿ ಮಾತ್ರ ಚರಂಡಿ. ಇಂಗುಗುಂಡಿ ಕಟ್ಟಡದಿಂದ 5 ಮೀಟರ್ ದೂರವಿರಬೇಕು. ಮಳೆನೀರು ಚರಂಡಿಗೆ ಹೋಗದ ಮನೆಗಳು ನೀರಿನ ಬಿಲ್ಲಿನಲ್ಲಿ ರಿಯಾಯಿತಿ ಪಡೆಯಬಹುದು. ಜರ್ಮನಿಯ ಅನೇಕ ನಗರಗಳಲ್ಲಿ ಕೊಳಚೆನೀರಿಗೂ ಮಳೆನೀರಿಗೂ ಪ್ರತ್ಯೇಕ ಶುಲ್ಕವಿದ್ದು, ಬೇರ್ಪಡಿಸಿದವರಿಗೆ ಎರಡನೆಯದು ಕಡಿಮೆಯಾಗುತ್ತದೆ. ಎಮ್‌ಷರ್ ನದೀಪ್ರದೇಶದ ನಗರಗಳು 15 ವರ್ಷಗಳಲ್ಲಿ ಚರಂಡಿ ಸೇರುವ ಮಳೆನೀರನ್ನು ಶೇಕಡ 15ರಷ್ಟು ಕಡಿಮೆ ಮಾಡುವ ಒಪ್ಪಂದಕ್ಕೆ 2005ರಲ್ಲಿ ಬಂದವು. ಸ್ವೀಡನ್ನಿನ ಮಾಲ್ಮೊ ನಗರದ ಆಗುಸ್ಟೆನ್‌ಬೋರ್ಗ್ ಬಡಾವಣೆಯಲ್ಲಿ 1998ರಿಂದ ಚಾವಣಿಯ ನೀರನ್ನು ತೆರೆದ ಕಾಲುವೆ ಮತ್ತು ಕೊಳಗಳಿಗೆ ತಿರುಗಿಸಲಾಗಿದೆ.

== ಬೆಂಗಳೂರಿನೊಡನೆ ಹೋಲಿಕೆ ==

ಬೆಂಗಳೂರಿನ ವ್ಯವಸ್ಥೆ ತತ್ತ್ವದಲ್ಲಿ ಪ್ರತ್ಯೇಕವಾದದ್ದು. ಕೊಳಚೆನೀರಿಗೆ ಒಳಚರಂಡಿ, ಮಳೆನೀರಿಗೆ ಬೀದಿಬದಿಯ ಮೋರಿ ಮತ್ತು ರಾಜಕಾಲುವೆ. ಒಳಚರಂಡಿಗೆ ಮಳೆನೀರನ್ನು ಬಿಡುವಂತಿಲ್ಲ. ಆಚರಣೆಯಲ್ಲಿ ಎಷ್ಟೋ ಮನೆಗಳ ತಾರಸಿ ಪೈಪುಗಳನ್ನು ಮನೆಯ ಮುಂದಿನ ಒಳಚರಂಡಿ ಛೇಂಬರಿಗೇ ಜೋಡಿಸಿರುತ್ತಾರೆ. ಜೋರು ಮಳೆಯಲ್ಲಿ ಬೀದಿಯ ಮ್ಯಾನ್‌ಹೋಲುಗಳಿಂದ ಕೊಳಚೆ ಉಕ್ಕುವುದಕ್ಕೂ, ತಗ್ಗಿನ ಮನೆಗಳ ಬಚ್ಚಲಿನಲ್ಲಿ ನೀರು ಹಿಮ್ಮುಖವಾಗಿ ಏರುವುದಕ್ಕೂ ಇದು ಒಂದು ಕಾರಣ. ನೆಲಮಾಳಿಗೆಯ ಜಾಗದಲ್ಲಿ ಇಲ್ಲಿ ತೊಂದರೆಗೀಡಾಗುವುದು ರಸ್ತೆಗಿಂತ ತಗ್ಗಾಗಿರುವ ನೆಲಮಹಡಿ.

ಬೆಂಗಳೂರಿನ ಕಾನೂನು ಇದೇ ಗುರಿಯನ್ನು ಬೇರೊಂದು ದಾರಿಯಿಂದ ಮುಟ್ಟಲು ಯತ್ನಿಸಿದೆ. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಕಾಯಿದೆಗೆ 2009ರಲ್ಲಿ ತಂದ ತಿದ್ದುಪಡಿಯು ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿತು. ಆಗ 2,400 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಹಳೆಯ ಕಟ್ಟಡಗಳಿಗೂ, 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೂ ಇದು ಅನ್ವಯಿಸಿತು. ಪಾಲಿಸದವರ ನೀರಿನ ಬಿಲ್ಲಿಗೆ ಹೆಚ್ಚುವರಿ ದಂಡಶುಲ್ಕ ಸೇರುತ್ತದೆ. ಜಯನಗರ ಐದನೆಯ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಕೊಯ್ಲು ಉದ್ಯಾನವನ್ನು ಮಂಡಳಿಯು ಜನರ ತಿಳಿವಳಿಕೆಗಾಗಿ ನಿರ್ಮಿಸಿದೆ.

ಎರಡು ನಗರಗಳ ದೃಷ್ಟಿಯಲ್ಲಿ ವ್ಯತ್ಯಾಸವಿದೆ. ಸಿಹಿನೀರಿನ ಸರೋವರದ ದಡದಲ್ಲಿರುವ ಟೊರೊಂಟೊಗೆ ಮಳೆನೀರು ಮೊದಲು ಚರಂಡಿಯ ಹೊರೆ. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನು ಮೇಲೆತ್ತಿ ತರಬೇಕಾದ ಬೆಂಗಳೂರಿಗೆ ಅದು ಮೊದಲು ಸಂಪತ್ತು. 1,200 ಚದರ ಅಡಿಯ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆಯಾದರೆ ಸುಮಾರು 2,800 ಲೀಟರ್ ನೀರಾಗುತ್ತದೆ. ಅದು ಒಳಚರಂಡಿಗೆ ಹೋದರೆ ಯಾರದೋ ಬಚ್ಚಲಿನಲ್ಲಿ ಕೊಳಚೆಯೊಡನೆ ಬೆರೆತು ಏಳುತ್ತದೆ. ತೊಟ್ಟಿಗೆ ಅಥವಾ ಇಂಗುಬಾವಿಗೆ ಹೋದರೆ ಬೇಸಿಗೆಗೆ ಒದಗುತ್ತದೆ. ಎರಡೂ ಊರುಗಳಲ್ಲಿ ಮೊದಲ ಹೆಜ್ಜೆ ಒಂದೇ: ಚಾವಣಿಯ ಕೊಳವೆಯನ್ನು ಕೊಳಚೆಯ ಕೊಳವೆಯಿಂದ ಬಿಡಿಸುವುದು.

== ಇವನ್ನೂ ನೋಡಿ ==

* ಮಳೆನೀರು ಕೊಯ್ಲು
* ಒಳಚರಂಡಿ
* ರಾಜಕಾಲುವೆ
* ಅಂತರ್ಜಲ ಮರುಪೂರಣ
* ಒಂಟಾರಿಯೊ ಸರೋವರ